ಫೈಲಿಗೆ ಫೀಲ್ಡ್ ಸೇರಿಸಿದ್ರೂ ಪ್ರೋಗ್ರಾಂ ಮುಟ್ಟಬೇಕಿಲ್ಲ: ಐಬಿಎಂ ಐ ಡೇಟಾಬೇಸ್ ಬಗ್ಗೆ ನನ್ನ ರಿವ್ಯೂ

ಬೆಳಗ್ಗೆ 8 ಗಂಟೆಗೆ ಬಿಲ್ಲಿಂಗ್ ಶುರು ಆಗೋ ಹೊತ್ತಿಗೆ ಸ್ಕ್ರೀನ್ ಮೇಲೆ ಸಿಪಿಎಫ್4131 ಅಂತ ಬಂದ್ರೆ ಎದೆ ಹೇಗೆ ಧಸಕ್ ಅನ್ನುತ್ತೆ ಅಂತ ಎಎಸ್/400 (ಐಬಿಎಂನ ವ್ಯಾಪಾರದ ಕಂಪ್ಯೂಟರ್ ಸಿಸ್ಟಮ್, ಈಗಿನ ಹೆಸರು ಐಬಿಎಂ ಐ) ಮೇಲೆ ಕೆಲಸ ಮಾಡಿದವರಿಗೆಲ್ಲ ಗೊತ್ತು. ಲೆವೆಲ್ ಚೆಕ್ ಎರರ್, ಅಂದ್ರೆ ಫೈಲಿನ ರೂಪ ಪ್ರೋಗ್ರಾಂಗೆ ಗೊತ್ತಿರೋ ರೂಪಕ್ಕೆ ತಾಳೆ ಆಗ್ತಿಲ್ಲ. ಹಿಂದಿನ ರಾತ್ರಿ ಯಾರೋ ಫೈಲಿಗೆ ಒಂದು ಫೀಲ್ಡ್ (ಹೆಸರು, ವಿಳಾಸದ ಥರ ಒಂದು ಮಾಹಿತಿಯ ಜಾಗ) ಸೇರಿಸಿದ್ದಾರೆ, ಆ ಫೈಲ್ ಬಳಸೋ ಪ್ರೋಗ್ರಾಂಗಳಲ್ಲಿ ಒಂದೆರಡನ್ನ ರೀಕಂಪೈಲ್ (ಬರೆದ ಕೋಡಿಂದ, ಅಂದ್ರೆ ಸೋರ್ಸಿಂದ, ಓಡೋ ಪ್ರೋಗ್ರಾಂನ ಮತ್ತೆ ತಯಾರಿಸೋದು) ಮಾಡೋಕೆ ಮರೆತಿದ್ದಾರೆ, ಅಷ್ಟೇ, ಕೌಂಟರ್ ನಿಂತು ಹೋಯ್ತು. ನಾನು ಈ ಸಿಸ್ಟಮ್ ಮೇಲೆ 15 ವರ್ಷದಿಂದ ಕೆಲಸ ಮಾಡ್ತಿದ್ದೀನಿ, ಮೊದಲು ಬೆಂಗಳೂರಲ್ಲಿ ಒಂದು ಸರ್ವಿಸ್ ಕಂಪನಿಯಲ್ಲಿ, ಆಮೇಲೆ ಬೇರೆ ಬೇರೆ ಕ್ಲೈಂಟ್‌ಗಳ ಹತ್ರ ನೇರವಾಗಿ. ಮೊಬೈಲು ಮಿಕ್ಸಿಗೆ ರಿವ್ಯೂ ಬರೆಯೋರು ಬೇಕಾದಷ್ಟು ಜನ ಇದ್ದಾರೆ, ಇಂಥ ಸಿಸ್ಟಮ್‌ಗೆ ಕನ್ನಡದಲ್ಲಿ ಬರೆಯೋರು ಕಮ್ಮಿ, ಅದಕ್ಕೆ ಬರೀತಿದ್ದೀನಿ. ಪೂರ್ತಿ ಸಿಸ್ಟಮ್ ಬಗ್ಗೆ ಅಲ್ಲ, ಅದರ ಡೇಟಾಬೇಸ್‌ನ ಒಂದೇ ಒಂದು ಗುಣದ ಬಗ್ಗೆ: ಫೈಲಿನ ರೂಪ ಬದಲಾದಾಗ ಹಳೇ ಪ್ರೋಗ್ರಾಂ ಮುಟ್ಟದೆ ನಡೆಸೋಕೆ ಆಗುತ್ತಾ ಇಲ್ವಾ ಅನ್ನೋದು.

ಆಗುತ್ತೆ. ತುಂಬಾ ಚೆನ್ನಾಗಿ ಆಗುತ್ತೆ. ಆದ್ರೆ ಬಹಳ ಜನ ತಪ್ಪು ದಾರೀಲಿ ಮಾಡ್ತಾರೆ, ಆ ತಪ್ಪು ದಾರಿ ಸರಿ ದಾರಿಗಿಂತ ಸುಲಭ ಇದೆ, ನನ್ನ ದೊಡ್ಡ ದೂರು ಅದೇ.

ಗೊತ್ತಿಲ್ಲದವರಿಗೆ ಒಂಚೂರು ಹಿನ್ನೆಲೆ ಹೇಳ್ತೀನಿ. ಎಎಸ್/400 ಬಂದಿದ್ದು 1988ರ ಜೂನ್‌ನಲ್ಲಿ, ಅಮೆರಿಕದ ಮಿನ್ನೆಸೋಟಾ ರಾಜ್ಯದ ರಾಚೆಸ್ಟರ್‌ನಲ್ಲಿರೋ ಐಬಿಎಂ ಲ್ಯಾಬ್‌ನಿಂದ, ಅದಕ್ಕೂ ಹಿಂದೆ 1978ರಲ್ಲಿ ಘೋಷಣೆ ಆದ ಸಿಸ್ಟಮ್/38 ಇದರ ಅಪ್ಪ ಅನ್ಕೊಳ್ಳಿ. ಹೆಸರು ಮಾತ್ರ ಐಸೀರೀಸ್, ಸಿಸ್ಟಮ್ ಐ, ಈಗ ಐಬಿಎಂ ಐ ಅಂತ ಬದಲಾಗ್ತಾ ಬಂತು, ಏಪ್ರಿಲ್ 2025ರಲ್ಲಿ 7.6 ವರ್ಷನ್ ಬಂದಿದೆ, ನಮ್ಮ ಜನ ಇವತ್ತಿಗೂ ಎಎಸ್ ಫೋರ್ ಹಂಡ್ರೆಡ್ ಅಂತಲೇ ಕರೆಯೋದು. ಇದರಲ್ಲಿ ಡೇಟಾಬೇಸ್ ಬೇರೆ ಕೊಂಡು ಇನ್‌ಸ್ಟಾಲ್ ಮಾಡೋ ಸಾಮಾನು ಅಲ್ಲ, ಆಪರೇಟಿಂಗ್ ಸಿಸ್ಟಮ್‌ನ ಒಳಗೇ ಇರುತ್ತೆ. ಫೈಲಲ್ಲಿ ಏನೇನು ಫೀಲ್ಡ್ ಇದೆ, ಎಷ್ಟು ಉದ್ದ, ಯಾವ ಟೈಪು ಅಂತೆಲ್ಲ ಫೈಲೇ ಹೇಳುತ್ತೆ, ಆರ್‌ಪಿಜಿ ಅನ್ನೋ ಭಾಷೇಲಿ ಬರೆದ ಪ್ರೋಗ್ರಾಂ ಕಂಪೈಲ್ ಆಗೋವಾಗ ಆ ವಿವರನ ಎಳ್ಕೊಂಡು ತನ್ನೊಳಗೆ ಇಟ್ಕೊಳ್ಳುತ್ತೆ.

ಹಾಗೆ ಇಟ್ಕೊಳ್ಳೋವಾಗ ಜೊತೆಗೆ ಒಂದು 13 ಅಕ್ಷರದ ಗುರುತೂ ಸೇರುತ್ತೆ, ಅದಕ್ಕೆ ಫಾರ್ಮ್ಯಾಟ್ ಲೆವೆಲ್ ಐಡೆಂಟಿಫೈಯರ್ ಅಂತಾರೆ. ರೆಕಾರ್ಡ್ ಫಾರ್ಮ್ಯಾಟಿನ (ಒಂದು ರೆಕಾರ್ಡಿನ, ಅಂದ್ರೆ ಒಂದು ಸಾಲು ಡೇಟಾದ ನಕ್ಷೆ) ಹೆಸರು, ಫೀಲ್ಡ್‌ಗಳ ಹೆಸರು, ಎಷ್ಟು ಫೀಲ್ಡ್, ಒಂದೊಂದರ ಉದ್ದ ಡೆಸಿಮಲ್, ಯಾವ ಕ್ರಮ, ಒಟ್ಟು ಉದ್ದ, ಇದೆಲ್ಲ ಲೆಕ್ಕ ಹಾಕಿ ಸಿಸ್ಟಮ್ ಆ ಗುರುತು ಮಾಡುತ್ತೆ. ಕಾಲಂ ಹೆಡ್ಡಿಂಗ್, ವಿವರಣೆ ಟೆಕ್ಸ್ಟ್ ಬದಲಾಯಿಸಿದ್ರೆ ಗುರುತು ಬದಲಾಗಲ್ಲ, ಫೀಲ್ಡೇ ಬದಲಾದ್ರೆ ಬದಲಾಗುತ್ತೆ. ಪ್ರೋಗ್ರಾಂ ಫೈಲ್ ಓಪನ್ ಮಾಡೋವಾಗ ತನ್ನ ಹತ್ರ ಇರೋ ಗುರುತು, ಫೈಲಿನ ಈಗಿನ ಗುರುತು ಎರಡನ್ನೂ ಹೋಲಿಸುತ್ತೆ, ತಾಳೆ ಆಗಲಿಲ್ಲ ಅಂದ್ರೆ ಓಪನ್ನೇ ಮಾಡಲ್ಲ, ಸಿಪಿಎಫ್4131. ನಾನು ಹೊಸಬನಾಗಿದ್ದಾಗ ಇದನ್ನ ಕಾಟ ಅಂತಲೇ ಅಂದ್ಕೊಂಡಿದ್ದೆ. ಈಗ ಹೇಳ್ತೀನಿ, ಈ ಸಿಸ್ಟಮ್‌ನಲ್ಲಿ ನಾನು ಅತಿ ಹೆಚ್ಚು ನಂಬೋ ಭಾಗ ಇದೇ, ಬಾಗಿಲಲ್ಲಿ ನಿಂತು ಯಾರು ನೀನು ಅಂತ ಕೇಳೋ ಕಾವಲುಗಾರ ಇದ್ದ ಹಾಗೆ.

ಒಂದು ವಿಷಯ ಮಾತ್ರ ಯಾವಾಗಲೂ ಮನಸ್ಸಿಗೆ ಬರುತ್ತೆ. 1995ರಲ್ಲಿ ಇದೇ ಸಿಸ್ಟಮ್ ಹಳೇ 48 ಬಿಟ್ ಪ್ರೊಸೆಸರ್ ಬಿಟ್ಟು 64 ಬಿಟ್ ಪವರ್‌ಪಿಸಿಗೆ ಹೋಯ್ತು, ಅಂದ್ರೆ ಯಂತ್ರದ ಹೃದಯನೇ ಬದಲಾಯ್ತು, ಆಗಲೂ ಸೋರ್ಸ್ ಇಟ್ಕೊಂಡು ಮತ್ತೆ ಕಂಪೈಲ್ ಮಾಡ್ಬೇಕಾಗಿರಲಿಲ್ಲ, ಪ್ರೋಗ್ರಾಂ ಒಳಗೇ ಬೇಕಾದ ಮಾಹಿತಿ ಉಳಿದಿದ್ರೆ ಸಿಸ್ಟಮ್ಮೇ ಅದನ್ನ ಹೊಸ ಯಂತ್ರಕ್ಕೆ ಬದಲಾಯಿಸಿಕೊಳ್ತು. ಅಂಥ ಸಿಸ್ಟಮ್‌ನಲ್ಲಿ ಕಸ್ಟಮರ್ ಫೈಲಿಗೆ 15 ಅಕ್ಷರ ಸೇರಿಸಿದ್ರೆ 300 ಪ್ರೋಗ್ರಾಂ ರೀಕಂಪೈಲ್ ಮಾಡ್ಬೇಕು ಅಂದ್ರೆ ಯಾರಿಗಾದ್ರೂ ಒಪ್ಪಿಗೆ ಆಗೋ ಮಾತಲ್ಲ. ಅದಕ್ಕೆ ದಾರಿನೂ ಅವರೇ ಇಟ್ಟಿದ್ದಾರೆ, ಅದರ ಹೆಸರು ಲಾಜಿಕಲ್ ಫೈಲ್. ಅದಕ್ಕೆ ಬರ್ತೀನಿ, ಮೊದಲು ಕೆಟ್ಟ ದಾರಿ ಹೇಳಿಬಿಡ್ತೀನಿ.

2017ರ ಜುಲೈ 1, ಜಿಎಸ್‌ಟಿ ಬಂತು. ಅದಕ್ಕೂ ಮುಂಚೆ ನಮ್ಮ ಕಡೆ ಬಿಲ್ಲಲ್ಲಿ ವ್ಯಾಟ್‌ನ 11 ಅಂಕಿ ಟಿನ್ ನಂಬರ್ ಇರ್ತಿತ್ತು, ಈಗ 15 ಅಕ್ಷರದ ಜಿಎಸ್‌ಟಿ ನಂಬರ್ ಬೇಕು, ಮೊದಲ 2 ಅಂಕಿ ರಾಜ್ಯದ ಕೋಡ್, ಕರ್ನಾಟಕಕ್ಕೆ 29, ಆಮೇಲೆ 10 ಅಕ್ಷರ ಪ್ಯಾನ್, ಕೊನೇಗೆ ಇನ್ನೂ 3. ನಾನಾಗ ಬಿಡಿಭಾಗಗಳ ಹೋಲ್‌ಸೇಲ್ ಮಾಡೋ ಒಂದು ಕಂಪನಿಗೆ ಕೆಲಸ ಮಾಡ್ತಿದ್ದೆ, ಹೆಸರು ಬೇಡ. ಅವರ ಕಸ್ಟಮರ್ ಫೈಲ್‌ನ ಮುಟ್ಟೋ ಪ್ರೋಗ್ರಾಂ ಹತ್ತಿರ ಹತ್ತಿರ 300, ಅದರಲ್ಲಿ ಇಪ್ಪತ್ತು ಇಪ್ಪತ್ತೈದರ ಸೋರ್ಸ್ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ, ಇನ್ನು ಕೆಲವಕ್ಕೆ ಸೋರ್ಸ್ ಇದೆ ಆದ್ರೆ ಓಡ್ತಿರೋ ಆಬ್ಜೆಕ್ಟ್ (ಕಂಪೈಲ್ ಆದ ಪ್ರೋಗ್ರಾಂ) ಅದರಿಂದಲೇ ಬಂದಿದ್ದು ಅಂತ ಯಾರೂ ಎದೆ ತಟ್ಟಿ ಹೇಳಲ್ಲ. ರೀಕಂಪೈಲ್ ಅಂದ್ರೆ ಬರೀ ಕಮಾಂಡ್ ಹೊಡೆಯೋ ಕೆಲಸ ಅನ್ನೋರಿಗೆ ಇದು ಅರ್ಥ ಆಗಲ್ಲ. ತಪ್ಪು ಸೋರ್ಸಿಂದ ಕಂಪೈಲ್ ಮಾಡಿದ್ರೆ ಯಾವತ್ತೋ ಸರಿ ಮಾಡಿದ ಬಗ್ ವಾಪಸ್ ಬಂದು ಕೂರುತ್ತೆ.

ಅಲ್ಲಿನ ಟೀಮಿನವರು ಅವಸರದಲ್ಲಿ ಎರಡು ಕೆಲಸ ಮಾಡಿದ್ರು. ಜಿಎಸ್‌ಟಿ ಫೀಲ್ಡ್‌ನ ಟಿನ್ ಪಕ್ಕದಲ್ಲೇ ಇಟ್ರು, ನೋಡೋಕೆ ಚೆನ್ನಾಗಿರುತ್ತೆ ಅಂತ. ಆಮೇಲೆ ಫೈಲ್ ಮೇಲೆ ಲೆವೆಲ್ ಚೆಕ್ ನೋ, ಅಂದ್ರೆ ಆ ಗುರುತು ಹೋಲಿಸಬೇಡ, ಅಂತ ಹಾಕಿಬಿಟ್ರು. ನಾನು ಆ ಟೀಮಿನ ಮೇಡಂನ ಕೇಳಿದೆ, ಮೇಡಂ ಇದು ಸರಿ ಹೋಗುತ್ತಾ ಅಂತ. "ಸದ್ಯಕ್ಕೆ ಬಿಲ್ ಹೊರಗೆ ಬರ್ಲಿ, ಆಮೇಲೆ ನೋಡೋಣ ಬಿಡಿ" ಅಂದ್ರು. ಆ ವಾರ ಊರಲ್ಲಿ ಎಲ್ಲ ಕಂಪನೀಲೂ ಅದೇ ಗಡಿಬಿಡಿ, ಅವರ ಮೇಲೆ ಎಷ್ಟು ಒತ್ತಡ ಇತ್ತು ಅಂತ ನಾನು ಕಣ್ಣಾರೆ ನೋಡಿದ್ದೀನಿ, ಅದಕ್ಕೆ ಅವರನ್ನ ಬೈಯೋಕೆ ಇದನ್ನ ಬರೀತಿಲ್ಲ. ಆದ್ರೆ ಲೆವೆಲ್ ಚೆಕ್ ತೆಗೆಯೋದು ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗೆ.

ಏನಾಯ್ತು ಅಂತ ಬೈಟ್ ಲೆಕ್ಕದಲ್ಲೇ ಹೇಳ್ತೀನಿ, ಯಾಕಂದ್ರೆ ಇದನ್ನ ಒಂದ್ಸಲ ಕಣ್ಣಲ್ಲಿ ನೋಡಿದವರು ಮತ್ತೆ ಯಾವತ್ತೂ ಆ ಆಪ್ಷನ್ ಮುಟ್ಟಲ್ಲ. ರೆಕಾರ್ಡಿನ ಶುರುವಲ್ಲಿ ಕಸ್ಟಮರ್ ಕೋಡ್ 6 ಬೈಟ್, ಹೆಸರು 30, ವಿಳಾಸ 30ರ ಹಾಗೆ 3 ಸಾಲು ಅಂದ್ರೆ 90, ಅಲ್ಲಿಗೆ 126 ಆಯ್ತು. ಟಿನ್ 11 ಬೈಟ್, 127ರಿಂದ 137. ಅದರ ನಂತರ ಕ್ರೆಡಿಟ್ ಲಿಮಿಟ್, ಪ್ಯಾಕ್ಡ್ ಡೆಸಿಮಲ್ (ಒಂದು ಬೈಟಲ್ಲಿ ಎರಡು ಅಂಕಿ ತುಂಬಿಸಿಡೋ ರೀತಿ) 9 ಅಂಕಿ, 5 ಬೈಟ್, 138ರಿಂದ 142. ಈಗ 138ರಲ್ಲಿ ಜಿಎಸ್‌ಟಿ ನಂಬರ್ 15 ಬೈಟ್ ತೂರಿಸಿದ್ರು, ಕ್ರೆಡಿಟ್ ಲಿಮಿಟ್ 153ಕ್ಕೆ ಜರುಗಿತು. ಹಳೇ ಪ್ರೋಗ್ರಾಂಗೆ ಇದು ಗೊತ್ತಿಲ್ಲ, ಅದು 138ರಿಂದಲೇ 5 ಬೈಟ್ ತಗೊಂಡು ಇದೇ ಕ್ರೆಡಿಟ್ ಲಿಮಿಟ್ ಅನ್ನುತ್ತೆ. ಅಲ್ಲಿರೋದು 29 ಅನ್ನೋ ಎರಡು ಅಂಕಿ ಮತ್ತೆ ಪ್ಯಾನ್‌ನ ಮೊದಲ 3 ಅಕ್ಷರ. ಈ ಸಿಸ್ಟಮ್ ಅಕ್ಷರಗಳನ್ನ ಬರೆದಿಡೋ ಇಬಿಸಿಡಿಕ್ ಕೋಡ್‌ನಲ್ಲಿ 2 ಅಂದ್ರೆ ಎಫ್2, 9 ಅಂದ್ರೆ ಎಫ್9, ಇದು ಪ್ಯಾಕ್ಡ್ ಸಂಖ್ಯೆ ಆಗೋಕೆ ಸಾಧ್ಯನೇ ಇಲ್ಲ, ಹಾಗಾಗಿ ಬಹಳ ಪ್ರೋಗ್ರಾಂಗಳು ಡೆಸಿಮಲ್ ಡೇಟಾ ಎರರ್ ಅಂತ ಅವತ್ತೇ ಬಿದ್ದವು. ಬಿದ್ದಿದ್ದನ್ನೆಲ್ಲ ಆ ರಾತ್ರಿನೇ ಹುಡುಕಿ ಹುಡುಕಿ ರೀಕಂಪೈಲ್ ಮಾಡಿದ್ರು, ಮುಗೀತು ಅಂದ್ಕೊಂಡ್ರು.

ಬೀಳದೇ ಇದ್ದ ಪ್ರೋಗ್ರಾಂಗಳಲ್ಲೇ ಅಪಾಯ ಇದ್ದಿದ್ದು. ಆರ್‌ಪಿಜಿ ಕಂಪೈಲ್ ಮಾಡೋವಾಗ ಫಿಕ್ಸ್ ನಂಬರ್ ಅಂತ ಒಂದು ಆಪ್ಷನ್ ಇದೆ, ಅದರಲ್ಲಿ ಇನ್‌ಪುಟ್ ಪ್ಯಾಕ್ಡ್ ಅಂತ ಕೊಟ್ಟಿದ್ರೆ ಓದಿದ ಪ್ಯಾಕ್ಡ್ ಸಂಖ್ಯೆ ಕೆಟ್ಟಿದ್ರೆ ಎರರ್ ಕೊಡಲ್ಲ, ಸೊನ್ನೆ ಅಂತ ತಗೊಳ್ಳುತ್ತೆ. ವಿಳಾಸ ತಿದ್ದೋ ಒಂದು ಚಿಕ್ಕ ಪ್ರೋಗ್ರಾಂ ಹಾಗೆ ಕಂಪೈಲ್ ಆಗಿತ್ತು. ಅದಕ್ಕೆ ಕ್ರೆಡಿಟ್ ಲಿಮಿಟ್‌ನಿಂದ ಆಗಬೇಕಾದ್ದು ಏನೂ ಇಲ್ಲ, ಸ್ಕ್ರೀನಲ್ಲೂ ಅದು ಕಾಣಲ್ಲ, ಆದ್ರೆ ಅಪ್‌ಡೇಟ್ ಮಾಡೋವಾಗ ಆರ್‌ಪಿಜಿ ರೆಕಾರ್ಡಿನ ಎಲ್ಲ ಫೀಲ್ಡನ್ನೂ ವಾಪಸ್ ಬರೆಯುತ್ತೆ. 138ರಿಂದ ಓದಿದ್ದು ಸೊನ್ನೆ ಆಯ್ತಲ್ಲ, ಆ ಪ್ಯಾಕ್ಡ್ ಸೊನ್ನೆನ 138ಕ್ಕೇ ಬರೆದಿದೆ: 00 00 00 00 0ಎಫ್. ಅದರ ಮುಂದಿನವೆಲ್ಲ ಅಕ್ಷರದ ಫೀಲ್ಡ್ ಆಗಿದ್ದರಿಂದ ಓದಿದ್ದನ್ನ ಹಾಗೇ ವಾಪಸ್ ಇಟ್ಟಿದೆ, ಅಲ್ಲೇನೂ ಹಾಳಾಗಲಿಲ್ಲ. ಅಂದ್ರೆ ಯಾರದ್ದಾದ್ರೂ ವಿಳಾಸದಲ್ಲಿ ಒಂದು ಕ್ರಾಸ್ ನಂಬರ್ ತಿದ್ದಿದ್ರೆ ಸಾಕು, ಅವರ ಜಿಎಸ್‌ಟಿ ನಂಬರಿನ ಮೊದಲ 5 ಅಕ್ಷರ ಅಳಿಸಿ ಹೋಗುತ್ತೆ. ಎರರ್ ಇಲ್ಲ, ಮೆಸೇಜ್ ಇಲ್ಲ, ಏನೂ ಇಲ್ಲ. ರಿಟರ್ನ್ ಅಪ್‌ಲೋಡ್ ಮಾಡೋವಾಗ ನಂಬರ್ ತಪ್ಪು ಅಂತ ವಾಪಸ್ ಬಂದ ಮೇಲೆ ಗೊತ್ತಾಯ್ತು, ಅಷ್ಟರಲ್ಲಿ 200ಕ್ಕೂ ಹೆಚ್ಚು ಕಸ್ಟಮರ್‌ಗಳದ್ದು ಹೋಗಿತ್ತು. ಅಕೌಂಟ್ಸ್‌ನ ಆ ಹುಡುಗಿ ಒಬ್ಬೊಬ್ಬರಿಗೂ ಫೋನ್ ಮಾಡಿ ಸರ್ ನಿಮ್ಮ ಜಿಎಸ್‌ಟಿ ನಂಬರ್ ಇನ್ನೊಂದ್ಸಲ ಹೇಳ್ತೀರಾ ಅಂತ ಕೇಳ್ತಿದ್ದಿದ್ದು ನಂಗೆ ಈಗಲೂ ನೆನಪಿದೆ. ಪುಣ್ಯಕ್ಕೆ ಫೈಲ್ ಜರ್ನಲ್ ಆಗ್ತಿತ್ತು, ಅಂದ್ರೆ ಪ್ರತಿ ಬದಲಾವಣೆನೂ ಬೇರೆ ಕಡೆ ದಾಖಲಾಗ್ತಿತ್ತು, ಅಪ್‌ಡೇಟ್ ಆಗೋಕೆ ಮುಂಚಿನ ರೂಪನೂ ಜರ್ನಲಲ್ಲಿ ಉಳಿಯೋ ಹಾಗೆ ಇಟ್ಟಿದ್ರು, ಅದರಿಂದ ಹಳೇ ನಂಬರ್ ತೆಗೆದು ವಾಪಸ್ ತುಂಬಿದ್ವಿ. ಜರ್ನಲ್ ಇಲ್ಲದೇ ಇದ್ದಿದ್ರೆ ಆ ಫೋನ್ ಮುಗೀತಾನೇ ಇರಲಿಲ್ಲ.

ಹೊಸ ಫೀಲ್ಡ್‌ನ ರೆಕಾರ್ಡಿನ ಕೊನೇಲಿ ಸೇರಿಸಿ ಲೆವೆಲ್ ಚೆಕ್ ನೋ ಹಾಕಿದ್ರೆ ಏನೂ ಆಗಲ್ಲ ಅಂತ ಹೇಳೋರು ತುಂಬಾ ಜನ ಇದ್ದಾರೆ. ಬರೀ ಓದೋ ರಿಪೋರ್ಟ್ ಪ್ರೋಗ್ರಾಂ ಆದ್ರೆ ನಡೆಯುತ್ತೆ, ಒಪ್ತೀನಿ. ಆದ್ರೆ ಅದು ಇವತ್ತಿನ ಫೀಲ್ಡ್‌ಗೆ ಮಾತ್ರ ಹಾಕಿದ್ದಲ್ಲ, ಫೈಲ್ ಮೇಲೆ ಶಾಶ್ವತವಾಗಿ ಕೂರುತ್ತೆ, ಎರಡು ವರ್ಷ ಆದ ಮೇಲೆ ಬೇರೆ ಯಾರೋ ಬಂದು ನಡುವೆ ಫೀಲ್ಡ್ ತೂರಿಸಿದಾಗ ತಡೆಯೋಕೆ ಕಾವಲುಗಾರ ಇರಲ್ಲ. ಒಂದು ಕಮಾಂಡ್, ಒಂದು ಪ್ಯಾರಾಮೀಟರ್, ಒಂದು ಸೆಕೆಂಡ್ ಕೆಲಸ, ಯಾವ ಎಚ್ಚರಿಕೆನೂ ಇಲ್ಲ. ಅದೇ ಇದ್ದ ಫೀಲ್ಡ್ ತೆಗೆಯೋಕೆ ಹೋದ್ರೆ ಸಿಸ್ಟಮ್ ಡೇಟಾ ಹೋಗಬಹುದು ಅಂತ ಸಿಪಿಎ32ಬಿ2 ಮೆಸೇಜ್ ಕೊಟ್ಟು ಉತ್ತರ ಬರೋ ತನಕ ಕಾಯುತ್ತೆ. ಲೆವೆಲ್ ಚೆಕ್ ತೆಗೆಯೋವಾಗಲೂ ಹಾಗೇ ಕೇಳಬೇಕಿತ್ತು ಅಂತ ನನ್ನ ಬಲವಾದ ಅಭಿಪ್ರಾಯ. 5ಕ್ಕೆ 4 ಸ್ಟಾರ್ ಕೊಡ್ತೀನಿ, ಆ ಒಂದು ಕಮ್ಮಿ ಮಾಡಿರೋದು ಇದಕ್ಕೇ.

ಈಗ ಸರಿ ದಾರಿ. ಲಾಜಿಕಲ್ ಫೈಲ್ ಅಂದ್ರೆ ಡೇಟಾ ತನ್ನಲ್ಲಿ ಇಟ್ಕೊಳ್ಳದೆ, ಡೇಟಾ ನಿಜವಾಗಿ ಇರೋ ಫಿಸಿಕಲ್ ಫೈಲಿನ ಡೇಟಾನ ತನ್ನದೇ ರೂಪದಲ್ಲಿ ತೋರಿಸೋ ಫೈಲ್. ಬಹಳ ಜನ ಇದನ್ನ ಬರೀ ಇಂಡೆಕ್ಸ್ ಥರ, ಬೇರೆ ಕ್ರಮದಲ್ಲಿ ಓದೋಕೆ ಮಾತ್ರ ಬಳಸ್ತಾರೆ. ಆದ್ರೆ ಲಾಜಿಕಲ್ ಫೈಲಲ್ಲಿ ಫೀಲ್ಡ್‌ಗಳ ಪಟ್ಟಿನ ನಾವೇ ಬರೆದ್ರೆ ಅದಕ್ಕೆ ತನ್ನದೇ ಫಾರ್ಮ್ಯಾಟ್, ತನ್ನದೇ 13 ಅಕ್ಷರದ ಗುರುತು ಬರುತ್ತೆ, ಫಿಸಿಕಲ್ ಫೈಲಿಗೆ ಎಷ್ಟು ಫೀಲ್ಡ್ ಸೇರಿಸಿದ್ರೂ ಈ ಗುರುತು ಅಲುಗಾಡಲ್ಲ. ಪಟ್ಟಿ ಬರೆಯದೆ ಬರೀ ಫಿಸಿಕಲ್ ಫೈಲಿನ ಫಾರ್ಮ್ಯಾಟ್ ಹೆಸರು ಕೊಟ್ಟು ಬಿಟ್ರೆ ಅದು ಫಿಸಿಕಲ್ ಫೈಲಿನ ಫಾರ್ಮ್ಯಾಟನ್ನೇ ಹಂಚಿಕೊಳ್ಳುತ್ತೆ, ಅಲ್ಲಿ ಬದಲಾದ್ರೆ ಇಲ್ಲೂ ಬದಲಾಗುತ್ತೆ. ಈ ಒಂದು ವ್ಯತ್ಯಾಸ ತಿಳ್ಕೊಳ್ಳೋಕೆ ನಂಗೆ ವರ್ಷಗಳೇ ಬೇಕಾಯ್ತು, ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ.

ಆ ಅನುಭವ ಆದ ಮೇಲೆ ನಾನು ಎಲ್ಲ ಕಡೆ ಮಾಡೋದು ಹೀಗೆ. ಮೊದಲು ಫೈಲಿನ ವಿವರ ತೋರಿಸೋ ಡಿಎಸ್‌ಪಿಎಫ್‌ಡಿ ಕಮಾಂಡ್ ಹೊಡೆದು ಈಗಿನ ಫೈಲಿನ ಗುರುತು ಬರ್ಕೊಳ್ತೀನಿ, ಡಿಎಸ್‌ಪಿಡಿಬಿಆರ್‌ನಿಂದ ಆ ಫೈಲಿನ ಮೇಲೆ ಯಾವ ಯಾವ ಲಾಜಿಕಲ್ ಫೈಲ್ ಕೂತಿದೆ ಅಂತ ನೋಡ್ತೀನಿ, ಡಿಎಸ್‌ಪಿಪಿಜಿಎಂಆರ್‌ಇಎಫ್‌ನಿಂದ ಯಾವ ಪ್ರೋಗ್ರಾಂ ಬಳಸುತ್ತೆ ಅಂತ ಪಟ್ಟಿ ತೆಗೀತೀನಿ. ಆಮೇಲೆ ಫಿಸಿಕಲ್ ಫೈಲಿನ ಹೆಸರು ಬದಲಾಯಿಸ್ತೀನಿ, ಕಸ್ಟ್‌ಮಾಸ್ಟ್ ಇದ್ದಿದ್ದು ಕಸ್ಟ್‌ಮಾಸ್ಟ್‌ಪಿ ಆಗುತ್ತೆ. ಕಸ್ಟ್‌ಮಾಸ್ಟ್ ಅನ್ನೋ ಹಳೇ ಹೆಸರಲ್ಲೇ ಒಂದು ಲಾಜಿಕಲ್ ಫೈಲ್ ಮಾಡಿ, ಅದರಲ್ಲಿ ಹಳೇ ಫಾರ್ಮ್ಯಾಟ್ ಹೆಸರು, ಹಳೇ ಫೀಲ್ಡ್‌ಗಳು, ಅದೇ ಕ್ರಮ, ಕೀ (ಹುಡುಕೋಕೆ, ಕ್ರಮವಾಗಿ ಜೋಡಿಸೋಕೆ ಬಳಸೋ ಫೀಲ್ಡ್) ಇದ್ರೆ ಅದೇ ಕೀ, ಒಂದೂ ಬಿಡದೆ ಬರೀತೀನಿ. ಮತ್ತೆ ಡಿಎಸ್‌ಪಿಎಫ್‌ಡಿ. ಬರ್ಕೊಂಡಿದ್ದ 13 ಅಕ್ಷರ, ಈಗ ಬಂದ 13 ಅಕ್ಷರ, ಒಂದೊಂದಾಗಿ ಬೆರಳಿಟ್ಟು ನೋಡ್ತೀನಿ. ತಾಳೆ ಆಯ್ತು ಅಂದ್ರೆ ಹಳೇ ಪ್ರೋಗ್ರಾಂಗೆ ಫೈಲ್ ಬದಲಾಗೇ ಇಲ್ಲ. ಕೀ ಒಂದೇ ಆಗಿದ್ರೆ ಆಕ್ಸೆಸ್ ಪಾತ್ (ಆ ಕೀ ಹಿಡಿದು ಹುಡುಕೋ ಇಂಡೆಕ್ಸ್) ಕೂಡ ಸಿಸ್ಟಮ್ ಹಂಚಿಕೊಳ್ಳುತ್ತೆ, ಹೊಸದಾಗಿ ಒಂದು ಇಂಡೆಕ್ಸಿನ ಭಾರ ಬೀಳಲ್ಲ. ಹಳೇ ಲಾಜಿಕಲ್ ಫೈಲ್‌ಗಳನ್ನೂ ಹಾಗೇ ಬಿಡೋಕಾಗಲ್ಲ, ಫಾರ್ಮ್ಯಾಟ್ ಹಂಚಿಕೊಂಡಿದ್ದವನ್ನೆಲ್ಲ ಮತ್ತೆ ಕ್ರಿಯೇಟ್ ಮಾಡ್ಬೇಕು, ಅದಕ್ಕೆ ಡಿಡಿಎಸ್‌ನಲ್ಲಿ (ಫೈಲಿನ ರೂಪ ಬರೆಯೋ ಇಲ್ಲಿನ ಹಳೇ ಭಾಷೆ) ಫಾರ್ಮ್ಯಾಟ್ ಅನ್ನೋ ಕೀವರ್ಡ್ ಇದೆ, ಈ ಹೊಸ ಕಸ್ಟ್‌ಮಾಸ್ಟ್‌ನ ಫಾರ್ಮ್ಯಾಟೇ ತಗೋ ಅಂತ ಹೇಳಿದ್ರೆ ಮುಗೀತು.

ಇಷ್ಟಾದ ಮೇಲೆ ಫಿಸಿಕಲ್ ಫೈಲಿಗೆ ಏನು ಬೇಕಾದ್ರೂ ಸೇರಿಸಬಹುದು. ಜಿಎಸ್‌ಟಿ ಬೇಕಾದ ಪ್ರೋಗ್ರಾಂಗೆ ಹೊಸ ಫೀಲ್ಡ್ ಇರೋ ಇನ್ನೊಂದು ಲಾಜಿಕಲ್ ಫೈಲ್ ಅಥವಾ ನೇರವಾಗಿ ಎಸ್‌ಕ್ಯೂಎಲ್ (ಎಲ್ಲ ಡೇಟಾಬೇಸ್‌ಗಳಲ್ಲೂ ಬಳಸೋ ಸಾಮಾನ್ಯ ಭಾಷೆ). ಬೇಡದ 280 ಪ್ರೋಗ್ರಾಂ ಆ ಲಾಜಿಕಲ್ ಫೈಲ್ ಅನ್ನೋ ಹಳೇ ಕಿಟಕಿಯಿಂದಲೇ ನೋಡ್ತಾ ಇರ್ತವೆ, ಅವು ಹೊಸ ರೆಕಾರ್ಡ್ ಬರೆದ್ರೆ ಅವುಗಳ ಪಟ್ಟಿಯಲ್ಲಿ ಇಲ್ಲದ ಫೀಲ್ಡ್‌ಗೆ ಡೀಫಾಲ್ಟ್ ಬೆಲೆ ಕೂರುತ್ತೆ, ಅದಕ್ಕೆ ಹೊಸ ಫೀಲ್ಡ್ ಎಸ್‌ಕ್ಯೂಎಲ್‌ನಲ್ಲಿ ಸೇರಿಸೋವಾಗ ಡೀಫಾಲ್ಟ್ ಕೊಡೋದು ಮರೀಬೇಡಿ. ಫೈಲ್ ಬದಲಾಯಿಸೋಕೆ ಸಿಎಚ್‌ಜಿಪಿಎಫ್ ಕಮಾಂಡ್‌ಗೆ ಹೊಸ ಸೋರ್ಸ್ ಕೊಟ್ರೆ ಡೇಟಾ ಉಳಿಸಿಕೊಂಡೇ ಬದಲಾಯಿಸುತ್ತೆ, ಹಿಂದೆಲ್ಲ ಕಾಪಿ ತೆಗೆದು, ಡಿಲೀಟ್ ಮಾಡಿ, ಮತ್ತೆ ಕ್ರಿಯೇಟ್ ಮಾಡಿ, ಮ್ಯಾಪ್ ಡ್ರಾಪ್ ಅಂತ ವಾಪಸ್ ಕಾಪಿ ಮಾಡ್ತಿದ್ವಲ್ಲ ಆ ಒದ್ದಾಟ ಇಲ್ಲ. ಆದ್ರೆ ಫೈಲ್ ಯಾರ ಕೈಯಲ್ಲೂ ಇರಬಾರದು, ಎಕ್ಸ್‌ಕ್ಲೂಸಿವ್ ಲಾಕ್ ಬೇಕು, ಹಾಗಾಗಿ ರಾತ್ರಿ ಕೆಲಸವೇ. ಕಸ್ಟಮರ್ ಫೈಲ್ ಕಣ್ಣು ಮಿಟುಕಿಸೋದ್ರಲ್ಲಿ ಆಗಿಬಿಡುತ್ತೆ, ಕೋಟಿಗಟ್ಟಲೆ ಸಾಲು ಇರೋ ಇನ್‌ವಾಯ್ಸ್ ಫೈಲ್ ಆದ್ರೆ ಡಿಸ್ಕಲ್ಲಿ ಜಾಗ ಇದೆಯಾ ಅಂತ ಮೊದಲೇ ನೋಡ್ಕೊಂಡು ಕೂತ್ಕೊಳ್ಳಿ.

ಇದರಲ್ಲಿ ಕೈ ಸುಟ್ಟುಕೊಳ್ಳೋ ಜಾಗಗಳೂ ಇವೆ. ಕಸ್ಟ್‌ಮಾಸ್ಟ್ ಈಗ ಲಾಜಿಕಲ್ ಫೈಲ್ ಅಲ್ವಾ, ಹಳೇ ಸಿಎಲ್ ಪ್ರೋಗ್ರಾಂನಲ್ಲಿ (ಸಿಸ್ಟಮ್ ಕಮಾಂಡ್‌ಗಳನ್ನ ಸಾಲಾಗಿ ಬರೆದಿಟ್ಟ ಪ್ರೋಗ್ರಾಂ) ಆ ಹೆಸರಿನ ಮೇಲೆ ಫೈಲ್ ಖಾಲಿ ಮಾಡೋ, ಮರುಜೋಡಿಸೋ ಸಿಎಲ್‌ಆರ್‌ಪಿಎಫ್‌ಎಂ ಅಥವಾ ಆರ್‌ಜಿಝಡ್‌ಪಿಎಫ್‌ಎಂ ಇದ್ರೆ ಅವು ಬೀಳ್ತವೆ, ಅವು ಫಿಸಿಕಲ್ ಫೈಲಿಗೇ ಆಗಬೇಕಾದ ಕಮಾಂಡ್. ಬಿದ್ರೆ ಪರವಾಗಿಲ್ಲ, ಗೊತ್ತಾಗುತ್ತೆ. ಗೊತ್ತಾಗದೇ ಇರೋದು ಬ್ಯಾಕಪ್. ರಾತ್ರಿ ಬ್ಯಾಕಪ್ ಸ್ಕ್ರಿಪ್ಟಲ್ಲಿ ಪೂರ್ತಿ ಲೈಬ್ರರಿ (ಫೈಲುಗಳೆಲ್ಲ ಇರೋ ಫೋಲ್ಡರ್ ಥರ) ಬಿಟ್ಟು ಕಸ್ಟ್‌ಮಾಸ್ಟ್ ಅಂತ ಹೆಸರು ಹಿಡಿದು ಸೇವ್ ಮಾಡ್ತಿದ್ರೆ, ಈಗ ಸೇವ್ ಆಗೋದು ಕಿಟಕಿ ಮಾತ್ರ, ಮನೆ ಅಲ್ಲ. ಸೇವ್ ಯಶಸ್ವಿ ಅಂತಲೇ ಬರುತ್ತೆ. ಒಂದು ಕಡೆ ನಾನು ಇದನ್ನ ಕೊನೇ ಗಳಿಗೆಯಲ್ಲಿ ಹಿಡಿದೆ, ಅವತ್ತಿಂದ ಹೆಸರು ಬದಲಾಯಿಸೋ ಮುಂಚೆ ಎಲ್ಲ ಸಿಎಲ್ ಸೋರ್ಸಲ್ಲೂ ಫೈಲಿನ ಹೆಸರು ಹುಡುಕದೆ ಮುಂದಿನ ಹೆಜ್ಜೆ ಇಡಲ್ಲ. ತಿಂಗಳಿಗೊಂದು ಮೆಂಬರ್ (ಒಂದೇ ಫೈಲಿನೊಳಗೆ ಡೇಟಾದ ಬೇರೆ ಬೇರೆ ಭಾಗ) ಇಟ್ಟಿರೋ ಫೈಲ್ ಆದ್ರೆ ಇನ್ನೂ ತಲೆನೋವು, ಯಾವ ಮೆಂಬರ್ ಯಾವ ಡೇಟಾ ಮೇಲೆ ಅಂತ ಲಾಜಿಕಲ್ ಫೈಲಲ್ಲೂ ಹೊಂದಿಸಬೇಕು, ಮುಂದೆ ಎಸ್‌ಕ್ಯೂಎಲ್ ಟೇಬಲ್ ಮಾಡೋಕೆ ಹೋದ್ರೆ ಅಲ್ಲಿ ಒಂದೇ ಮೆಂಬರ್.

ಫೀಲ್ಡ್ ಸೇರಿಸೋದಲ್ಲ, ಇರೋ ಫೀಲ್ಡಿನ ಟೈಪೇ ಬದಲಾಗಬೇಕು ಅಂದಾಗ? ಇದೂ ಜಿಎಸ್‌ಟಿಯಿಂದಲೇ ಬಂತು. ಹಳೇ ಇನ್‌ವಾಯ್ಸ್ ನಂಬರ್ 7 ಅಂಕಿಯ ಸಂಖ್ಯೆ, ಹೊಸ ನಿಯಮದಲ್ಲಿ ಅಕ್ಷರ, ಅಂಕಿ, ಡ್ಯಾಶ್, ಸ್ಲ್ಯಾಶ್ ಎಲ್ಲ ಸೇರಿ 16 ಮೀರದ ನಂಬರ್. ಇಂಥ 16 ಅಕ್ಷರನ 7 ಅಂಕಿಯ ಸಂಖ್ಯೆ ಅಂತ ಲಾಜಿಕಲ್ ಫೈಲಲ್ಲಿ ತೋರಿಸೋಕೆ ಹೋದ್ರೆ ಆಗಲ್ಲ, ನಾನು ಹಳೇ ಫೀಲ್ಡ್ ಇದ್ದ ಹಾಗೇ ಬಿಟ್ಟು, ಪಕ್ಕದಲ್ಲಿ 16 ಅಕ್ಷರದ ಹೊಸ ಫೀಲ್ಡ್ ಸೇರಿಸಿ, ಹಳೇ ಪ್ರೋಗ್ರಾಂ ಹಳೇದನ್ನ ಬರೆದಾಗ ಹೊಸದನ್ನ ತುಂಬೋಕೆ ಒಂದು ಟ್ರಿಗರ್ (ಡೇಟಾ ಬದಲಾದಾಗ ತಾನಾಗೇ ಓಡೋ ಪ್ರೋಗ್ರಾಂ) ಹಾಕಿದೆ. ಆಮೇಲೆ 2020ರ ಅಕ್ಟೋಬರ್‌ನಿಂದ ದೊಡ್ಡ ಕಂಪನಿಗಳಿಗೆ ಇ-ಇನ್‌ವಾಯ್ಸ್ ಶುರುವಾಯ್ತು, 500 ಕೋಟಿ ಮೇಲಿನ ವ್ಯವಹಾರದಿಂದ ಶುರುವಾಗಿ ಇಳೀತಾ ಇಳೀತಾ 2023ರ ಆಗಸ್ಟ್ ಹೊತ್ತಿಗೆ 5 ಕೋಟಿಗೆ ಬಂತು, ಪ್ರತಿ ಇನ್‌ವಾಯ್ಸ್‌ಗೂ 64 ಅಕ್ಷರದ ಐಆರ್‌ಎನ್ (ಇನ್‌ವಾಯ್ಸ್ ರೆಫರೆನ್ಸ್ ನಂಬರ್) ಇಟ್ಕೊಳ್ಳಬೇಕು. ಅಷ್ಟರಲ್ಲಿ ನಾವು ಇನ್‌ವಾಯ್ಸ್ ಫೈಲಿಗೂ ಈ ಕಿಟಕಿ ಪದ್ಧತಿ ಮಾಡಿಟ್ಟಿದ್ವಿ, 64 ಅಕ್ಷರ ಸೇರಿಸಿದ ರಾತ್ರಿ ಒಂದೇ ಒಂದು ಹಳೇ ಪ್ರೋಗ್ರಾಂ ಮುಟ್ಟಲಿಲ್ಲ. ಸರಕಿನ ಎಚ್‌ಎಸ್‌ಎನ್ ಕೋಡ್ 6 ಅಂಕಿ ಬೇಕು ಅಂತ 2021ರ ಏಪ್ರಿಲ್‌ನಲ್ಲಿ ಬಂದಾಗಲೂ ಅಷ್ಟೇ.

ಬೇರೆಯವರ ಜೊತೆ ಹೋಲಿಸಿ ಅಂತ ಕೇಳಬಹುದು. ಹಳೇ ಕೋಬಾಲ್ ಕಾಲದಲ್ಲಿ ರೆಕಾರ್ಡಿನ ನಕ್ಷೆ ಪ್ರೋಗ್ರಾಂ ಒಳಗೇ ಇರ್ತಿತ್ತು, ಮುಂದೆ ಬೇಕಾಗಬಹುದು ಅಂತ ಕೊನೇಲಿ ಫಿಲ್ಲರ್ ಅಂತ ಜಾಗ ಖಾಲಿ ಬಿಡ್ತಿದ್ರು, ಅದು ಮುಗಿದ ದಿನ ಎಲ್ಲ ರೀಕಂಪೈಲ್. ಫಾಕ್ಸ್‌ಪ್ರೊ ಅನ್ನೋ ಹಳೇ ಪಿಸಿ ಡೇಟಾಬೇಸ್‌ನಲ್ಲಿ ಡಿಬಿಎಫ್ ಫೈಲಿನ ತಲೇಲೇ ಫೀಲ್ಡ್‌ಗಳ ಹೆಸರಿರುತ್ತೆ, ಪ್ರೋಗ್ರಾಂ ಹೆಸರು ಹಿಡಿದು ಕೇಳುತ್ತೆ, ಹಾಗಾಗಿ ಈ ತೊಂದರೆ ಇರಲಿಲ್ಲ. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್‌ನಲ್ಲಿ ಕಾಲಂ (ಫೀಲ್ಡಿಗೆ ಅಲ್ಲಿನ ಹೆಸರು) ಸೇರಿಸೋದು ತುಂಬಾ ಹಗುರ, 11ನೇ ವರ್ಷನ್‌ನಿಂದ ಮಾಮೂಲಿ ಡೀಫಾಲ್ಟ್ ಕೊಟ್ಟು ಸೇರಿಸಿದ್ರೂ ಪೂರ್ತಿ ಟೇಬಲ್ ಮತ್ತೆ ಬರೆಯಲ್ಲ, ಅದನ್ನ ನೋಡಿ ನಂಗೆ ನಿಜವಾಗಲೂ ಆಸೆ ಆಗುತ್ತೆ. ಐಬಿಎಂ ಐನಲ್ಲೂ ಎಸ್‌ಕ್ಯೂಎಲ್‌ನಿಂದ ಕಾಲಂ ಹೆಸರು ಬರೆದು ಕೇಳೋ ಪ್ರೋಗ್ರಾಂಗೆ ಲೆವೆಲ್ ಚೆಕ್ ಅನ್ನೋದೇ ಇಲ್ಲ, ಹೊಸದಾಗಿ ಬರೆಯೋದೆಲ್ಲ ಹಾಗೇ ಬರೀರಿ. ಆದ್ರೆ 1992ರಲ್ಲಿ ಬರೆದು ಇವತ್ತಿಗೂ ದಿನಾ ಓಡ್ತಿರೋ ಪ್ರೋಗ್ರಾಂನ, ಸೋರ್ಸೂ ಇಲ್ಲದಿರೋದನ್ನ, ಹೊಸ ಫೈಲ್ ಜೊತೆ ಸುರಕ್ಷಿತವಾಗಿ ನಡೆಸೋ ಇಷ್ಟು ಚೆಂದದ ವ್ಯವಸ್ಥೆ ನಾನು ಬೇರೆಲ್ಲೂ ನೋಡಿಲ್ಲ.

ಡಿಡಿಎಸ್ ಬಿಟ್ಟು ಎಸ್‌ಕ್ಯೂಎಲ್ ಟೇಬಲ್‌ಗೆ ಹೋಗೋರಿಗೆ ಒಂದು ಮಾತು. ಜನರೇಟ್ ಎಸ್‌ಕ್ಯೂಎಲ್ ಅಂತ ಸಿಸ್ಟಮ್‌ನಲ್ಲೇ ಇದೆ, ಹಳೇ ಫೈಲ್ ಕೊಟ್ರೆ ಕ್ರಿಯೇಟ್ ಟೇಬಲ್ ಬರೆದು ಕೊಡುತ್ತೆ, ಆರ್‌ಸಿಡಿಎಫ್‌ಎಂಟಿಯಲ್ಲಿ ಹಳೇ ಫಾರ್ಮ್ಯಾಟ್ ಹೆಸರು ಕೊಡೋದು ಮರೀಬೇಡಿ. ಡಿಡಿಎಸ್ ಫೈಲ್ ಕೆಟ್ಟ ಸಂಖ್ಯೆ ಬರೆಯೋವಾಗ ಸುಮ್ನಿದ್ದು ಓದೋವಾಗ ಕಿರುಚುತ್ತೆ, ಎಸ್‌ಕ್ಯೂಎಲ್ ಟೇಬಲ್ ಬರೆಯೋವಾಗಲೇ ತಡೆಯುತ್ತೆ, ಹಾಗಾಗಿ ಡೇಟಾ ಸಾಗಿಸೋ ರಾತ್ರಿ ಎಷ್ಟೋ ವರ್ಷದಿಂದ ಮೂಲೆಯಲ್ಲಿ ಕೂತಿದ್ದ ಕಸ ಎಲ್ಲ ಮೇಲೆ ಬರುತ್ತೆ. ಒಂದು ವಾರ ಮುಂಚೆಯೇ ಕಾಪಿ ಮೇಲೆ ಮಾಡಿ ನೋಡಿ.

ಆ ಬಿಡಿಭಾಗದ ಕಂಪನಿಯಲ್ಲಿ ಕೊನೇಗೆ ಲೆವೆಲ್ ಚೆಕ್ ವಾಪಸ್ ಯೆಸ್ ಮಾಡಿದ್ದು 2018ರಲ್ಲಿ. ಅವತ್ತು ಬೆಳಗ್ಗೆ ಅದೇ ಮೇಡಂ ನನ್ನ ಪಕ್ಕದಲ್ಲಿ ನಿಂತು, ಮೊದಲನೇ ಬಿಲ್ ಪ್ರಿಂಟ್ ಆಗೋ ತನಕ ಕೂತ್ಕೊಳ್ಳಲೇ ಇಲ್ಲ. 8 ಗಂಟೆ 5 ನಿಮಿಷಕ್ಕೆ ಬಿಲ್ ಬಂತು, ಅವರು ಹಾಳೆ ಕೈಗೆ ತಗೊಂಡು ಜಿಎಸ್‌ಟಿ ನಂಬರ್ ಮೇಲೆ ಬೆರಳಿಟ್ಟು 15 ಅಕ್ಷರನೂ ಎಣಿಸಿದ್ರು.